ತಾರಸಿಯಿಂದ ಕಂಡ 2020

ನಮಸ್ಕಾರ. ವರ್ಷದ ಕೊನೆಯ ವಿಡಿಯೊದಲ್ಲಿ ಸುತ್ತಾಡಿದ ಊರುಗಳನ್ನು ತೋರಿಸುವುದು ವಾಡಿಕೆ. 2020ರಲ್ಲಿ ನನ್ನ ಕ್ಯಾಮೆರಾ ಹೆಚ್ಚಿನ ದಿನಗಳನ್ನು ಮೈಸೂರಿನ ನಮ್ಮ ಮನೆಯ ತಾರಸಿಯ ಮೇಲೆಯೇ ಕಳೆಯಿತು. ಆದರೂ ಮೆಮೊರಿ ಕಾರ್ಡ್ ತೆರೆದು ನೋಡಿದಾಗ, ಹಿಂದಿನ ಯಾವ ವರ್ಷದಲ್ಲಿಯೂ ಇಷ್ಟೊಂದು ಅಪರೂಪದ ದೃಶ್ಯಗಳು ನನಗೆ ದೊರೆತಿರಲಿಲ್ಲ ಎಂಬುದು ಸ್ಪಷ್ಟವಾಗುತ್ತದೆ. ಈ ವರ್ಷ ಎಷ್ಟೋ ಮನೆಗಳಲ್ಲಿ ಸಾವು ಸಂಭವಿಸಿದೆ, ಎಷ್ಟೋ ಜನರ ದುಡಿಮೆ ನಿಂತಿದೆ. ಅದನ್ನು ಮರೆತು ನಾನು ಈ ಮಾತುಗಳನ್ನು ಆಡುತ್ತಿಲ್ಲ. ಮನೆಯೊಳಗೆ ಉಳಿಯಲೇಬೇಕಾಗಿದ್ದ ಕಾಲದಲ್ಲಿ, ತಲೆಯೆತ್ತಿದರೆ ಸಾಕು ಕಾಣುವಂತಿದ್ದ ಆಕಾಶವೇ ನನ್ನನ್ನು ಕಾಪಾಡಿತು ಎಂದು ನಾನು ಮನಃಪೂರ್ವಕವಾಗಿ ನಂಬಿದ್ದೇನೆ. ಆದ್ದರಿಂದ ಈ ವರ್ಷದ ನನ್ನ ಮುಖ್ಯ ನೆನಪುಗಳೆಲ್ಲ ಆಕಾಶಕ್ಕೆ ಸೇರಿದವು.

ಈಗ ಪರದೆಯ ಮೇಲಿರುವುದು 2019ರ ಡಿಸೆಂಬರ್ 26ರ ಚಿತ್ರೀಕರಣ. ಕ್ಯಾಲೆಂಡರ್ ಏನೇ ಹೇಳಲಿ, ನನ್ನ ಲೆಕ್ಕದಲ್ಲಿ 2020 ಆರಂಭವಾದದ್ದು ಆ ಬೆಳಿಗ್ಗೆಯೇ. ದಕ್ಷಿಣ ಕೊಡಗಿನ ಕುಟ್ಟದ ಸಮೀಪ, ಪರಿಚಿತರ ಕಾಫಿ ತೋಟದ ಕಣದಲ್ಲಿ ನಾವು ನಿಂತಿದ್ದೆವು. ಎಂಟು ಗಂಟೆ ದಾಟುತ್ತಿದ್ದಂತೆ ಸೂರ್ಯನ ಅಂಚು ಕರಗತೊಡಗಿತು. 9.25ರ ಸುಮಾರಿಗೆ ಚಂದ್ರ ಸೂರ್ಯನ ನಡುಮಧ್ಯಕ್ಕೆ ಬಂದು, ಸುತ್ತಲೂ ಬೆಂಕಿಯ ಬಳೆಯೊಂದು ಉಳಿಯಿತು. ಚಂದ್ರ ಆಗ ಭೂಮಿಯಿಂದ ತುಸು ದೂರದಲ್ಲಿದ್ದುದರಿಂದ ಸೂರ್ಯನನ್ನು ಪೂರ್ಣವಾಗಿ ಮುಚ್ಚುವಷ್ಟು ದೊಡ್ಡದಾಗಿ ಕಾಣಿಸುತ್ತಿರಲಿಲ್ಲ. ಕಂಕಣ ಗ್ರಹಣಕ್ಕೆ ಕಾರಣ ಇಷ್ಟೇ. ಇದೋ, ಇಲ್ಲಿ ಕ್ಯಾಮೆರಾ ನೆಲದ ಕಡೆಗೆ ತಿರುಗಿತು, ಈ ದೃಶ್ಯವನ್ನು ದಯವಿಟ್ಟು ಗಮನವಿಟ್ಟು ನೋಡಿ. ಸಿಲ್ವರ್ ಓಕ್ ಮರದ ಎಲೆಗಳ ಸಂದಿನಿಂದ ಇಳಿದ ಬಿಸಿಲಿನ ಒಂದೊಂದು ಚುಕ್ಕೆಯೂ ಉಂಗುರವಾಗಿದೆ. ಕಣದ ತುಂಬ, ಒಣಗಲು ಹರಡಿದ ಕಾಫಿ ಹಣ್ಣುಗಳ ಮೇಲೆ, ನನ್ನ ಅಂಗೈಯ ಮೇಲೆ, ನೂರಾರು ಉಂಗುರಗಳು ಬಿದ್ದಿವೆ. ಎಲೆಗಳ ನಡುವಿನ ಪ್ರತಿಯೊಂದು ಕಿಂಡಿಯೂ ಸೂಜಿರಂಧ್ರದ ಕ್ಯಾಮೆರಾದಂತೆ ವರ್ತಿಸಿ ಸೂರ್ಯನ ಬಿಂಬವನ್ನು ನೆಲಕ್ಕೆ ಇಳಿಸುತ್ತದೆ. ಸುಮಾರು ಮೂರು ನಿಮಿಷ ಅದು ಹಾಗೆಯೇ ಇತ್ತು. ಆಕಾಶದಲ್ಲಿದ್ದ ಬಳೆಗಿಂತ ನೆಲದ ಮೇಲಿನ ಈ ಉಂಗುರಗಳೇ ನನಗೆ ಹೆಚ್ಚು ಪ್ರಿಯವಾದವು.

ಅದೇ ಬೆಳಿಗ್ಗೆ, ಕಲಬುರಗಿ ಸಮೀಪದ ಒಂದು ಹಳ್ಳಿಯಲ್ಲಿ, ಅಂಗವೈಕಲ್ಯವಿದ್ದ ಮಕ್ಕಳನ್ನು ಗ್ರಹಣಕಾಲದಲ್ಲಿ ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತರೆ ಗುಣವಾಗುತ್ತಾರೆಂದು ನಂಬಿ ಹೂತಿದ್ದ ಸುದ್ದಿಯನ್ನು ನೀವೂ ನೋಡಿರುತ್ತೀರಿ. ಉಪವಾಸ ಮಾಡುವವರ ಬಗ್ಗೆ, ನೀರಿಗೆ ದರ್ಭೆ ಹಾಕುವವರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ನಮ್ಮ ಮನೆಯಲ್ಲಿ ಅಮ್ಮನೂ ಗ್ರಹಣ ಬಿಡುವವರೆಗೆ ಊಟ ಮಾಡುವುದಿಲ್ಲ. ಆದರೆ ಅಳುವ ಮಗುವನ್ನು ಗುಂಡಿಗಿಳಿಸುವುದನ್ನು ಆಚರಣೆಯೆಂದು ಕರೆಯಲು ನಾನು ಸಿದ್ಧಳಿಲ್ಲ. ಸರಳುಗಳ ನೆರಳು ಹೇಗೆ ಬೀಳುತ್ತದೆ ಎಂಬುದನ್ನು ಕಲಿಸುವ ಶಾಲೆಯಲ್ಲಿಯೇ ಗ್ರಹಣದ ದಿನ ಮಕ್ಕಳನ್ನು ಅಂಗಳಕ್ಕೆ ಕರೆತಂದು ಈ ಉಂಗುರಗಳನ್ನು ತೋರಿಸಬೇಕು. ದೃಶ್ಯ ಮುಗಿಯಿತು, ಮುಂದಕ್ಕೆ ಹೋಗೋಣ.

ಇದು ಫೆಬ್ರವರಿ. ಕತ್ತಲೆಯಲ್ಲಿ ಕೆಲವು ಚುಕ್ಕೆಗಳಷ್ಟೇ ಕಾಣುತ್ತಿವೆಯೆಂದು ದಾಟಿಸಬೇಡಿ. ಎಡಗಡೆ ಮೇಲಿರುವ ಕೆಂಪು ನಕ್ಷತ್ರವೇ ಆರಿದ್ರಾ. ‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ’ ಎಂದು ಮಳೆಯ ಲೆಕ್ಕದಲ್ಲಿ ನಮ್ಮ ರೈತರು ಹೆಸರಿಸುವ ನಕ್ಷತ್ರ ಇದೇ. ಆಕಾಶದ ಅತಿ ಪ್ರಕಾಶಮಾನ ನಕ್ಷತ್ರಗಳಲ್ಲಿ ಒಂದಾದ ಇದು ವರ್ಷಾರಂಭದಲ್ಲಿ ಮಂಕಾಗುತ್ತ ಬಂದು, ಫೆಬ್ರವರಿಯ ಹೊತ್ತಿಗೆ ಎಂದಿನ ಬೆಳಕಿನ ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿದಿತ್ತು. ಇದು ಮಹಾವ್ಯಾಧ, ಅಂದರೆ ಬೇಟೆಗಾರನ ಆಕಾರದ ನಕ್ಷತ್ರಪುಂಜದ ಒಂದು ಭುಜ; ಇನ್ನೊಂದು ಭುಜದ ನಕ್ಷತ್ರದೊಂದಿಗೆ ಹೋಲಿಸಿದರೆ ಎರಡೂ ಹೆಚ್ಚುಕಡಿಮೆ ಸಮನಾಗಿದ್ದವು. ಇದನ್ನು ಯಾವ ಉಪಕರಣವೂ ಇಲ್ಲದೆ ಬರಿಗಣ್ಣಿನಿಂದಲೇ ಗುರುತಿಸಬಹುದಿತ್ತು. ನಕ್ಷತ್ರ ಸಿಡಿಯಲಿದೆಯೆಂಬ ಊಹೆಗಳು ಎಲ್ಲೆಡೆ ಹರಡಿದವು. ಏಪ್ರಿಲ್ ಹೊತ್ತಿಗೆ ಅದು ಮೊದಲಿನ ಕಾಂತಿಗೆ ಮರಳಿತು. ನಕ್ಷತ್ರವೇ ಹೊರಚೆಲ್ಲಿದ ದ್ರವ್ಯ ತಣ್ಣಗಾಗಿ ಧೂಳಿನ ಮೋಡವಾಗಿ ಬೆಳಕನ್ನು ಮರೆಮಾಡಿರಬೇಕೆಂದು, ಹಬಲ್ ದೂರದರ್ಶಕದ ಅವಲೋಕನಗಳನ್ನು ಆಧರಿಸಿ ವಿಜ್ಞಾನಿಗಳು ಆಗಸ್ಟ್‌ನಲ್ಲಿ ವಿವರಿಸಿದರು. ಸಿಡಿಯದೆ ಹೋದದ್ದಕ್ಕೆ ಕೆಲವರು ನಿರಾಶೆಗೊಂಡರು. ನನಗೆ ನಿರಾಶೆಯಾಗಲಿಲ್ಲ. ಅಪ್ಪ ಹೆಸರು ಹೇಳಿಕೊಟ್ಟ ಮೊದಲ ನಕ್ಷತ್ರ ಅದು. ಅದು ಇನ್ನೂ ಅಲ್ಲಿರುವುದೇ ನನಗೆ ಬೇಕಾದದ್ದು.

ಮಾರ್ಚ್ 25ರಿಂದ ಲಾಕ್‌ಡೌನ್ ಆರಂಭವಾಯಿತು. ತಾರಸಿಗೆ ಕುರ್ಚಿ ಏರಿಸುವುದು, ದುರ್ಬೀನು ಹೊರತೆಗೆಯುವುದು ಇವೆಲ್ಲ ನಿಮಗೆ ಕಾಣುತ್ತಿದೆ, ನಾನು ವಿವರಿಸುವುದಿಲ್ಲ. ವಾಹನಗಳು ನಿಂತು ಕೆಲವು ದಿನಗಳಾಗುವಷ್ಟರಲ್ಲಿ ಗಾಳಿ ಎಷ್ಟು ತಿಳಿಯಾಯಿತೆಂದರೆ, ಪಂಜಾಬಿನ ಜಲಂಧರದ ಜನರಿಗೆ ಹಿಮಾಲಯದ ಹಿಮಶಿಖರಗಳು ಮನೆಯಿಂದಲೇ ಕಂಡವು. ನಮಗೆ ಚಾಮುಂಡಿ ಬೆಟ್ಟದ ಮೇಲಿನ ಮರಗಳ ಅಂಚು ಬಿಡಿಬಿಡಿಯಾಗಿ ಕಂಡಿತು. ಏಪ್ರಿಲ್ 3ರ ಸಂಜೆ ಪಶ್ಚಿಮದಲ್ಲಿ ಶುಕ್ರಗ್ರಹ ಕೃತ್ತಿಕಾ ನಕ್ಷತ್ರಪುಂಜದ ಒಳಗೇ ಬಂದು ನಿಂತಿತು. ಎಂಟು ವರ್ಷಗಳಿಗೊಮ್ಮೆ, ಏಪ್ರಿಲ್ ಮೊದಲ ವಾರದಲ್ಲಿ, ಇದು ಮರುಕಳಿಸುತ್ತದೆ. ದುರ್ಬೀನಿನಲ್ಲಿ ನೋಡಿದರೆ ಶುಕ್ರನ ಕಣ್ಣು ಕೋರೈಸುವ ಬಿಳುಪಿನ ಬದಿಯಲ್ಲಿಯೇ ಕೃತ್ತಿಕೆಯ ನಕ್ಷತ್ರಗಳು ಸಣ್ಣ ನೀಲಿ ಹರಳುಗಳಾಗಿ ಕಾಣುತ್ತಿದ್ದವು.

ಇಲ್ಲಿ ಚಿತ್ರದ ಬಲಭಾಗ ಬಿಳಿಚಿಕೊಂಡಿರುವುದಕ್ಕೆ ಕಾರಣವನ್ನು ನಾನು ಹೇಳಲೇಬೇಕು. ನಮ್ಮ ಹಿಂದಿನ ರಸ್ತೆಯಲ್ಲಿ ಒಂದು ಕಲ್ಯಾಣ ಮಂಟಪವಿದೆ. ಅದರ ಮುಂಭಾಗದಲ್ಲಿ ಎತ್ತರದ ಕಂಬಕ್ಕೆ ಎರಡು ಫ್ಲಡ್‌ಲೈಟ್‌ಗಳನ್ನು ಹಾಕಿದ್ದಾರೆ. ಅವುಗಳ ಮುಖ ಅಂಗಳದ ಕಡೆಗಿರದೆ ನೇರವಾಗಿ ಆಕಾಶದ ಕಡೆಗಿತ್ತು. ಮದುವೆಗಳೆಲ್ಲ ರದ್ದಾಗಿದ್ದವು, ಮಂಟಪಕ್ಕೆ ಬೀಗ ಬಿದ್ದಿತ್ತು, ಒಬ್ಬ ಅತಿಥಿಯೂ ಬರುವಂತಿರಲಿಲ್ಲ. ಆದರೂ ಆ ಎರಡು ದೀಪಗಳು ಸಂಜೆಯಿಂದ ಬೆಳಗಿನವರೆಗೆ, ದಿನವೂ, ಉರಿಯುತ್ತಲೇ ಇದ್ದವು. ನಾನು ಗೇಟಿನ ಬಳಿ ಹೋಗಿ ಕಾವಲುಗಾರರನ್ನು ಕೇಳಿದೆ: “ಅಣ್ಣ, ಯಾರೂ ಇಲ್ಲವಲ್ಲ, ರಾತ್ರಿ ಆ ದೊಡ್ಡ ಲೈಟು ಆರಿಸಬಹುದಾ?” ಅವರು ಮಾಸ್ಕ್ ಸರಿಪಡಿಸಿಕೊಂಡು ಹೇಳಿದರು: “ನಂಗೂ ನಿದ್ದೆ ಬರ್ತಾ ಇಲ್ಲ ಅಕ್ಕ. ಸ್ವಿಚ್ಚು ಆಫೀಸ್ ರೂಮಿನೊಳಗದೆ, ಬೀಗದ ಕೈ ಯಜಮಾನ್ರ ಹತ್ರ ಅದೆ, ಯಜಮಾನ್ರು ಊರಲ್ಲಿ ಸಿಕ್ಕಾಕೊಂಡವ್ರೆ.” ಜಿಲ್ಲೆಯಿಂದ ಜಿಲ್ಲೆಗೆ ಪಾಸ್ ಇಲ್ಲದೆ ಬರುವಂತಿರಲಿಲ್ಲ, ದೀಪ ಆರಿಸುವುದಕ್ಕೆ ಯಾರೂ ಪಾಸ್ ಕೊಡುವುದಿಲ್ಲ.

ಏಪ್ರಿಲ್ 5ರ ರಾತ್ರಿ 9 ಗಂಟೆಗೆ 9 ನಿಮಿಷ ವಿದ್ಯುದ್ದೀಪ ಆರಿಸಿ ಹಣತೆ ಹಚ್ಚಬೇಕೆಂದು ಪ್ರಧಾನಿ ಕರೆ ನೀಡಿದ್ದು ನಿಮಗೆ ನೆನಪಿರಬಹುದು. ಈ ದೃಶ್ಯ ಆ ರಾತ್ರಿಯದು. ಇಡೀ ಬಡಾವಣೆ ಕತ್ತಲಾಯಿತು, ತಾರಸಿಗಳ ಮೇಲೆ ಹಣತೆಗಳು ಕಂಡವು, ಆದರೆ ಆ ಕಂಬದ ದೀಪಗಳು ಮಾತ್ರ ಹಾಗೆಯೇ ಉರಿಯುತ್ತಿದ್ದವು. ಹುಣ್ಣಿಮೆಗೆ ಮೂರೇ ದಿನ ಬಾಕಿಯಿದ್ದುದರಿಂದ ಚಂದ್ರನ ಬೆಳಕು ಹೇಗೂ ಇತ್ತು, ಆದ್ದರಿಂದ ಹೆಚ್ಚು ನಕ್ಷತ್ರಗಳು ಕಾಣುತ್ತಿರಲಿಲ್ಲ ಎಂಬುದನ್ನು ಒಪ್ಪುತ್ತೇನೆ. ನನ್ನ ಕೋಪ ಅದಕ್ಕಲ್ಲ. ಯಾರಿಗೂ ಬೇಡವಾದ ಬೆಳಕನ್ನು ಆಕಾಶಕ್ಕೆ ಸುರಿದು ಅದರ ಬಿಲ್ಲನ್ನೂ ಕಟ್ಟುವ ಈ ಪದ್ಧತಿಯನ್ನು ನಾವು ತಪ್ಪೆಂದು ಭಾವಿಸುವುದೇ ಇಲ್ಲ. ಹೊಗೆಯನ್ನು, ಕೊಳಚೆ ನೀರನ್ನು ಮಾಲಿನ್ಯವೆಂದು ಗುರುತಿಸುವ ನಮಗೆ ಬೆಳಕೂ ಮಾಲಿನ್ಯವಾಗಬಲ್ಲದು ಎಂಬುದು ಹೊಳೆಯುವುದಿಲ್ಲ. ರಸ್ತೆಯಲ್ಲಿ ನಡೆಯುವವರಿಗೆ, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ದೀಪ ಬೇಕೇ ಬೇಕು. ಆದರೆ ಅದು ಕಾಲ ಬುಡಕ್ಕೆ ಬೀಳಬೇಕು. ಮೇ ತಿಂಗಳಲ್ಲಿ ಯಜಮಾನರು ಮರಳಿದಾಗ ನಾನೂ ಅಪ್ಪನೂ ಹೋಗಿ ಮಾತನಾಡಿದೆವು. ಅವರು ಬೇಸರಿಸಿಕೊಳ್ಳಲಿಲ್ಲ, ಇದನ್ನು ಯಾರೂ ತಮಗೆ ಹೇಳಿರಲಿಲ್ಲ ಎಂದರು. ಎಲೆಕ್ಟ್ರಿಷಿಯನ್ ಬಂದು ದೀಪಗಳನ್ನು ಕೆಳಮುಖವಾಗಿ ತಿರುಗಿಸಿ, ತಗಡಿನ ಮರೆ ಕಟ್ಟಿದರು. ತಗಡಿಗೂ ಕೂಲಿಗೂ ಸೇರಿ 350 ರೂಪಾಯಿ ಆಯಿತು. ಈಗ ಅಂಗಳಕ್ಕೆ ಮೊದಲಿಗಿಂತ ಹೆಚ್ಚು ಬೆಳಕು ಬೀಳುತ್ತಿದೆ. 350 ರೂಪಾಯಿಗೆ ನಮ್ಮ ಬಡಾವಣೆಗೆ ಅರ್ಧ ಆಕಾಶ ಮರಳಿ ದೊರೆಯಿತೆಂದು ನಾನು ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ, ಇನ್ನು ಮುಂದೆಯೂ ಹೇಳುತ್ತೇನೆ.

ಜೂನ್ 21ರ ಗ್ರಹಣವನ್ನು ಬೇಗ ಮುಗಿಸುತ್ತೇನೆ. ಸೂರ್ಯಗ್ರಹಣ ಭಾನುವಾರವೇ ಬಂದುದರಿಂದ ಪಂಚಾಂಗ ಅದನ್ನು ಚೂಡಾಮಣಿ ಗ್ರಹಣವೆಂದು ಕರೆಯುತ್ತದೆ. ಕುರುಕ್ಷೇತ್ರ, ಡೆಹರಾಡೂನ್‌ಗಳಲ್ಲಿ ಕಂಕಣ ಕಂಡಿತು. ನಮ್ಮಲ್ಲಿ ಸೂರ್ಯನ ಸುಮಾರು ಮೂರನೆಯ ಒಂದು ಭಾಗ ಮಾತ್ರ ಮರೆಯಾಯಿತು, ಅದೂ ಮೋಡಗಳ ಸಂದಿನಲ್ಲಿ. ಕುಟ್ಟದಲ್ಲಿ ಕಂಡ ಮೇಲೆ ಇದು ನನಗೆ ಸಪ್ಪೆಯೆನಿಸಿತು.

ಧೂಮಕೇತುವಿನ ವಿಷಯಕ್ಕೆ ಬರುತ್ತೇನೆ. ನಿಯೋವೈಸ್ ಎಂಬ ಬಾಹ್ಯಾಕಾಶ ದೂರದರ್ಶಕ ಇದನ್ನು ಪತ್ತೆಹಚ್ಚಿದ್ದು ಮಾರ್ಚ್ 27ರಂದು, ಅಂದರೆ ನಾವು ಮನೆ ಸೇರಿದ ಎರಡೇ ದಿನಗಳಲ್ಲಿ. ಜುಲೈ 3ರಂದು ಸೂರ್ಯನನ್ನು ಬಳಸಿಕೊಂಡು ತಿರುಗಿದ ಇದು ತಿಂಗಳ ಮಧ್ಯದಿಂದ ಸಂಜೆ ವಾಯವ್ಯ ದಿಕ್ಕಿನಲ್ಲಿ, ಸಪ್ತರ್ಷಿ ಮಂಡಲದ ಕೆಳಗೆ ಕಾಣಬೇಕಿತ್ತು. ಜುಲೈ ನಮಗೆ ಮಳೆಗಾಲ. ರಾತ್ರಿ ಕರ್ಫ್ಯೂ ಇತ್ತು, ಭಾನುವಾರ ಪೂರ್ತಿ ಲಾಕ್‌ಡೌನ್ ಇತ್ತು, ಮೋಡವಿಲ್ಲದ ಬಯಲುಸೀಮೆಯ ಕಡೆ ಹೋಗೋಣವೆಂದರೂ ಹೊರಡುವಂತಿರಲಿಲ್ಲ. ಪ್ರತಿ ಸಂಜೆಯೂ ತಾರಸಿ ಏರಿ, ಒದ್ದೆ ಕುರ್ಚಿಯನ್ನು ಒರೆಸಿ, ಮೋಡ ನೋಡಿ ಇಳಿಯುವುದು ನಡೆದಿತ್ತು. ಕೊನೆಗೊಂದು ಸಂಜೆ ಮೋಡದ ಸೀಳಿನಲ್ಲಿ, ದುರ್ಬೀನಿನೊಳಗೆ, ಮಸುಕಾದ ತಲೆಯೊಂದು, ಅದರಿಂದ ಮೇಲಕ್ಕೆ ಚಾಚಿದ ತೆಳು ಬಾಲವೊಂದು ಕೆಲವು ನಿಮಿಷ ಕಂಡಿತು. ಕ್ಯಾಮೆರಾದಲ್ಲಿ ಏನೂ ಮೂಡಲಿಲ್ಲ, ಪರದೆ ಬೂದಾಗಿರುವುದು ಅದಕ್ಕೇ. ಸುಮಾರು 6,800 ವರ್ಷಗಳ ನಂತರ ಮರಳುವ ವಸ್ತುವನ್ನು ನೋಡಿದೆನೆಂಬ ಉತ್ಸಾಹದಲ್ಲಿ ಆಗ ಅದನ್ನೇ ವರ್ಷದ ಅತಿ ದೊಡ್ಡ ಅನುಭವವೆಂದು ಹೇಳಿದ್ದೆ. ಈಗ ನನ್ನ ಅಭಿಪ್ರಾಯ ಬದಲಾಗಿದೆ. ಕಾರಣ ಇನ್ನೇನು ಬರಲಿದೆ.

ಅದಕ್ಕೂ ಮೊದಲು ಅಕ್ಟೋಬರ್. ಜಂಬೂಸವಾರಿ ಅರಮನೆಯ ಆವರಣದೊಳಗೇ ನಡೆದ, ಅಭಿಮನ್ಯು ಮೊದಲ ಬಾರಿಗೆ ಚಿನ್ನದ ಅಂಬಾರಿ ಹೊತ್ತ ದಸರಾ ಅದು. ಆ ರಾತ್ರಿಗಳಲ್ಲಿ ಮಂಗಳ ಗ್ರಹ ಪೂರ್ವದಲ್ಲಿ ಕೆಂಡದಂತೆ ಏರುತ್ತಿತ್ತು. ಅಕ್ಟೋಬರ್ 6ರಂದು ಅದು ಭೂಮಿಯಿಂದ ಸುಮಾರು 6.2 ಕೋಟಿ ಕಿಲೋಮೀಟರ್ ದೂರದಲ್ಲಿತ್ತು. ಇಷ್ಟು ಹತ್ತಿರಕ್ಕೆ ಮತ್ತೆ ಬರುವುದು 2035ರಲ್ಲಿ. ಬನ್ನಿಮಂಟಪದ ಪಂಜಿನ ಕವಾಯತು ನೋಡಲು ಹೋಗಲಾಗದ ಬೇಸರದಲ್ಲಿದ್ದ ಅಮ್ಮ ಅದನ್ನು ದಿಟ್ಟಿಸುತ್ತ ಬಹಳ ಹೊತ್ತು ತಾರಸಿಯಲ್ಲಿ ಕುಳಿತಿದ್ದರು.

ಇಗೋ, ಡಿಸೆಂಬರ್ 21. ಗುರು ಸೂರ್ಯನನ್ನು ಸುತ್ತಲು ಸುಮಾರು 12 ವರ್ಷ, ಶನಿಗೆ 29 ವರ್ಷಕ್ಕೂ ಹೆಚ್ಚು. ಆದ್ದರಿಂದ ಸುಮಾರು 20 ವರ್ಷಗಳಿಗೊಮ್ಮೆ ಗುರು ಶನಿಯನ್ನು ದಾಟುತ್ತದೆ. ಈ ಬಾರಿ ಎರಡರ ನಡುವೆ ನಮ್ಮ ಕಣ್ಣಿಗೆ ಉಳಿದದ್ದು ಹುಣ್ಣಿಮೆಯ ಚಂದ್ರನ ಅಗಲದ ಐದನೆಯ ಒಂದು ಭಾಗದಷ್ಟೇ ಅಂತರ. ಇಷ್ಟು ನಿಕಟವಾಗಿ ಅವು ಹಿಂದೆ ಬಂದದ್ದು 1623ರಲ್ಲಿ, ಆಗ ಸೂರ್ಯನ ಸಮೀಪವಿದ್ದುದರಿಂದ ನೋಡುವುದು ಕಷ್ಟವಾಗಿತ್ತು. ಸುಲಭವಾಗಿ ನೋಡುವಂತಿದ್ದುದು 1226ರಲ್ಲಿ; ನಮ್ಮ ನಾಡಿನಲ್ಲಿ ಆಗ ಹೊಯ್ಸಳ ಇಮ್ಮಡಿ ನರಸಿಂಹ ಆಳುತ್ತಿದ್ದ, ಸೋಮನಾಥಪುರದ ದೇವಾಲಯ ಇನ್ನೂ ಕಟ್ಟಿರಲಿಲ್ಲ.

ಗೆಳತಿಯೊಬ್ಬಳು ತನ್ನ ದೂರದರ್ಶಕವನ್ನು ತಂದುಕೊಟ್ಟಿದ್ದಳು. ಒಬ್ಬರ ನಂತರ ಒಬ್ಬರು ಅದೇ ಗಾಜಿಗೆ ಕಣ್ಣಿಡುವುದು ಈ ಕಾಲದಲ್ಲಿ ಸರಿಯಲ್ಲವೆಂದು, ಫೋನನ್ನು ಅದಕ್ಕೆ ಬಿಗಿದು ಬಿಂಬವನ್ನು ಪರದೆಯ ಮೇಲೆ ತೋರಿಸಿದೆವು. ಕೆಳಗಿನ ರಸ್ತೆಯಲ್ಲಿ ಮಾಸ್ಕ್ ಧರಿಸಿ, ದೂರ ದೂರ ನಿಂತು ನೋಡುತ್ತಿರುವವರು ನಮ್ಮ ನೆರೆಹೊರೆಯವರು. ಆ ತುದಿಯಲ್ಲಿ ಟೋಪಿ ಹಾಕಿದವರು ಕಲ್ಯಾಣ ಮಂಟಪದ ಕಾವಲುಗಾರ ಅಣ್ಣ. ಪರದೆಯಲ್ಲಿ ಒಂದು ಕಡೆ ಗುರು, ಅದರ ಬದಿಯಲ್ಲಿ ಸಾಲಾಗಿ ಉಪಗ್ರಹಗಳು, ಇನ್ನೊಂದು ಕಡೆ ಉಂಗುರ ತೊಟ್ಟ ಪುಟ್ಟ ಶನಿ, ಎಲ್ಲವೂ ಒಂದೇ ಚೌಕಟ್ಟಿನೊಳಗೆ. ನಿಜದಲ್ಲಿ ಅವೆರಡರ ನಡುವೆ 70 ಕೋಟಿ ಕಿಲೋಮೀಟರ್‌ಗೂ ಹೆಚ್ಚು ಅಂತರವಿದೆ. ಎದುರುಮನೆಯ ಹುಡುಗಿ “ಆಂಟಿ, ಶನಿ ಕೆಟ್ಟದ್ದು ಅಂತಾರಲ್ಲ, ಇಷ್ಟು ಚೆನ್ನಾಗಿದೆಯಲ್ಲ” ಎಂದಳು. ಅವಳ ಅಜ್ಜಿ ಮೊಮ್ಮಗಳ ಕೈಯಿಂದ ಫೋನ್ ಪಡೆದು ತಾವೂ ನೋಡಿದರು, ಮತ್ತೊಮ್ಮೆ ತೋರಿಸಲು ಹೇಳಿದರು. ಧೂಮಕೇತುವನ್ನು ನಾನೊಬ್ಬಳೇ ನೋಡಿದ್ದೆ. ಇದನ್ನು ನಲವತ್ತಕ್ಕೂ ಹೆಚ್ಚು ಜನ ಒಟ್ಟಿಗೆ ನೋಡಿದೆವು; ತಿಂಗಳುಗಟ್ಟಲೆ ಕಿಟಕಿಯಿಂದಲೇ ಮಾತನಾಡುತ್ತಿದ್ದ ಬೀದಿ ಅಂದು ಒಂದಾಗಿ ಹೊರಬಂದಿತ್ತು. ಆದ್ದರಿಂದ ನನ್ನ ವರ್ಷದ ಅತಿ ದೊಡ್ಡ ಅನುಭವ ಇದೇ.

ಹತ್ತಿರದ ಕಟ್ಟಡದ ಹಿಂದೆ ಎರಡೂ ಮುಳುಗಿದವು, ಚಿತ್ರೀಕರಣ ಇಲ್ಲಿಗೆ ನಿಂತಿದೆ. ಗುರು ಮತ್ತು ಶನಿ ಹೀಗೆಯೇ ಮತ್ತೆ ಸಮೀಪಿಸುವುದು 2080ರಲ್ಲಿ. ಆ ಹುಡುಗಿಗೆ ದಿನಾಂಕವನ್ನು ನೋಟ್‌ಬುಕ್‌ನಲ್ಲಿ ಬರೆದುಕೊಟ್ಟಿದ್ದೇನೆ. ಶುಕ್ರ ಕೃತ್ತಿಕೆಯೊಳಗೆ ಬರುವುದಂತೂ 2028ರ ಏಪ್ರಿಲ್ ಮೊದಲ ವಾರದಲ್ಲಿಯೇ ಇದೆ. ನಿಮ್ಮ ಬೀದಿಯಲ್ಲಿಯೂ ಆಕಾಶಕ್ಕೆ ಮುಖಮಾಡಿದ ದೀಪವಿದ್ದರೆ ಅಷ್ಟರೊಳಗೆ ಅದರ ಯಜಮಾನರೊಂದಿಗೆ ಒಮ್ಮೆ ಮಾತನಾಡಿ. ತಗಡಿನ ಮರೆಯ ಅಳತೆಯನ್ನು ಕೇಳಿದವರಿಗೆಲ್ಲ ನಾನು ಕಳುಹಿಸಿಕೊಡುತ್ತೇನೆ.