ಮೂರು ಅರ್ಶಿನ್ ನೆಲದ ತಕರಾರು

ಕೇಳುಗರಿಗೆ ನಮಸ್ಕಾರ. ಸತ್ತವನಿಗೆ ಆರಡಿ ಮೂರಡಿ ಜಾಗ ಸಾಕು ಎಂದು ನಾವು ಹೇಳುವ ಮಾತು ರಷ್ಯದ ಹಳೆಯ ಅಳತೆಯಲ್ಲಿ ಮೂರು ಅರ್ಶಿನ್ ಆಗುತ್ತದೆ. ಒಂದು ಅರ್ಶಿನ್ ಎಂದರೆ ಸುಮಾರು 71 ಸೆಂಟಿಮೀಟರ್. ಲಿಯೋ ಟಾಲ್‌ಸ್ಟಾಯ್ ಅವರು 1886ರಲ್ಲಿ ಪ್ರಕಟಿಸಿದ, ಮನುಷ್ಯನಿಗೆ ಎಷ್ಟು ನೆಲ ಬೇಕು ಎಂದು ಕೇಳುವ ಕಥೆಯ ಕೊನೆಯಲ್ಲಿ ರೈತ ಪಾಹೋಮನಿಗಾಗಿ ಆಳು ತೋಡುವ ಗುಂಡಿಯ ಉದ್ದ ಅಷ್ಟೇ.

ದನಕುರಿ ಸಾಕಿ ಬದುಕುವ ಬಶ್ಕಿರ್ ಜನರ ಬಯಲಿನಲ್ಲಿ ದಿನಕ್ಕೆ 1000 ರೂಬಲ್ ಬೆಲೆ; ಹೊತ್ತು ಮುಳುಗುವುದರೊಳಗೆ ಸುತ್ತಿ ಬಂದಷ್ಟು ನೆಲ ನಿನ್ನದು, ಹೊರಟ ದಿಬ್ಬಕ್ಕೆ ಮರಳದಿದ್ದರೆ ಹಣ ಹೋಯಿತು. ಆಸೆಗೆ ಬಿದ್ದು ದೂರ ನಡೆದ ಪಾಹೋಮ ಹೊತ್ತು ಮುಳುಗುವ ಮುನ್ನ ಮರಳಲು ಓಡೋಡಿ ದಿಬ್ಬದ ಮೇಲೆಯೇ ಸತ್ತು ಬೀಳುತ್ತಾನೆ. ಆ ಓಟವನ್ನೇ ಎಲ್ಲರೂ ನೆನೆಯುತ್ತಾರೆ. ನನಗೆ ಮಾತ್ರ ಅದಕ್ಕಿಂತ ಬಹಳ ಮೊದಲು, ಸುಳಿದು ಹೋಗುವಂತೆ ಬರುವ ಇನ್ನೊಂದು ಸಂಗತಿ ದೊಡ್ಡದು. ಪಾಹೋಮನ ದನಗಳು ಪಕ್ಕದ ಒಡತಿಯ ಹೊಲಕ್ಕೆ ನುಗ್ಗಿದಾಗಲೆಲ್ಲ ಅವಳ ಕಾರಭಾರಿ ದಂಡ ಹಾಕುತ್ತಿದ್ದ. ಆ ಕಷ್ಟ ಉಂಡವನೇ, ಸಾಲ ಮಾಡಿ ಅದೇ ಒಡತಿಯಿಂದ ನೆಲ ಕೊಂಡ ಮೇಲೆ, ತನ್ನ ಹುಲ್ಲಿಗೆ ಬಾಯಿ ಹಾಕಿದ ದನಗಳ ನೆಪದಲ್ಲಿ ನೆರೆಯವರನ್ನು ಕೋರ್ಟಿಗೆಳೆದು ದಂಡ ಕಟ್ಟಿಸುತ್ತಾನೆ. ನೆಲದಾಸೆಯಿಂದಲೇ ಅವನನ್ನು ಕೆಡವುತ್ತೇನೆಂದು ಕಥೆಯ ಆರಂಭದಲ್ಲೇ ಒಲೆಯ ಹಿಂದೆ ಕುಳಿತು ಸಂಚು ಹೂಡಿದ್ದ ಸೈತಾನನಿಗೆ ಅಲ್ಲಿಂದ ಮುಂದೆ ಹೆಚ್ಚು ಕೆಲಸವೇನೂ ಉಳಿಯಲಿಲ್ಲ.

1898ರಲ್ಲಿ ಆಂಟನ್ ಚೆಕೋವ್ ಅವರ 'ಗೂಸ್‌ಬೆರಿ' ಕಥೆಯ ಪಶುವೈದ್ಯ ಇವಾನ್ ಇವಾನಿಚ್ ಇದಕ್ಕೆ ತಕರಾರು ತೆಗೆಯುತ್ತಾನೆ. ಮೂರು ಅರ್ಶಿನ್ ಬೇಕಾಗುವುದು ಹೆಣಕ್ಕೆ, ಮನುಷ್ಯನಿಗೆ ಇಡೀ ಭೂಮಂಡಲವೇ ಬೇಕು ಎಂಬುದು ಅವನ ವಾದ. ಹಾಗೆನ್ನುವಾಗ ಅವನು ಹೇಳುತ್ತಿರುವುದು ಗುಮಾಸ್ತನಾಗಿದ್ದ ತನ್ನ ತಮ್ಮನ ಕಥೆಯನ್ನು. ಗೂಸ್‌ಬೆರಿ ಗಿಡಗಳಿರುವ ತೋಟದ ಮನೆಯ ಆಸೆಗೆ ಬಿದ್ದ ತಮ್ಮ, ಹಣಕ್ಕಾಗಿ ವಯಸ್ಸಾದ ವಿಧವೆಯೊಬ್ಬಳನ್ನು ಮದುವೆಯಾಗಿ, ಅವಳನ್ನು ಅರೆಹೊಟ್ಟೆಯಲ್ಲಿಟ್ಟು, ಮೂರೇ ವರ್ಷಗಳಲ್ಲಿ ಅವಳು ಸೊರಗಿ ಸತ್ತರೂ ಅದಕ್ಕೆ ತಾನು ಕಾರಣನೆಂದು ಒಂದು ಕ್ಷಣವೂ ಎಣಿಸಲಿಲ್ಲ. ಕೊನೆಗೆ ತನ್ನದೇ ತೋಟದ ಹುಳಿಹಣ್ಣನ್ನು ರಾತ್ರಿ ಎದ್ದೆದ್ದು ಬಂದು ಒಂದೊಂದಾಗಿ ತಿನ್ನುತ್ತಾನೆ. ಅವನಿಗೆ ಯಾವ ಕೇಡೂ ಆಗುವುದಿಲ್ಲ.

ಟಾಲ್‌ಸ್ಟಾಯ್ ಲೆಕ್ಕ ಚುಕ್ತಾ ಮಾಡುತ್ತಾರೆ, ಚೆಕೋವ್ ಬಾಕಿಯನ್ನು ಹಾಗೆಯೇ ಬಿಡುತ್ತಾರೆ. ಓದಿಟ್ಟ ಮೇಲೆ ನನ್ನನ್ನು ಕಾಡುವುದು, ನಿಜ ಹೇಳಬೇಕೆಂದರೆ, ಆ ಬಾಕಿಯೇ. ಶಕ್ತಿಯಿರುವಾಗಲೇ ಒಳ್ಳೆಯದನ್ನು ಮಾಡಿ ಎಂದು ಇವಾನ್ ಇವಾನಿಚ್ ಗೋಗರೆದರೂ ಕೇಳುತ್ತಿದ್ದ ಇಬ್ಬರಿಗೆ ಕಥೆ ಹಿಡಿಸುವುದಿಲ್ಲ. ಬಡ ಗುಮಾಸ್ತನೊಬ್ಬ ಹಣ್ಣು ತಿಂದ ಸುದ್ದಿ ಅವರಿಗೆ ಬೇಸರ ತರಿಸಿದೆ. ಎಲ್ಲರೂ ಮಲಗಲು ಹೋಗುತ್ತಾರೆ. ರಾತ್ರಿಯಿಡೀ ಮಳೆ ಕಿಟಕಿಗೆ ಬಡಿಯುತ್ತದೆ.