ಟೊಂಕನೋವಿಗೆ ನೋಟ್‌ಬುಕ್ಕು

ಕೇಳುಗರಿಗೆ ನಮಸ್ಕಾರ. ಮೂರು ತಿಂಗಳು ದಾಟಿದರೂ ಬಿಡದ ನೋವಿಗೆ ದೀರ್ಘಕಾಲದ ನೋವು ಅಂತೀವಿ. ಸಿಂಧನೂರು, ಗಂಗಾವತಿ ಕಡೆ ಬಾಗಿ ಭತ್ತ ನಾಟಿ ಹಚ್ಚುವ ತಾಯಂದಿರ ಟೊಂಕ, ಬಳ್ಳಾರಿಯಲ್ಲಿ ದಿನವಿಡೀ ಜೀನ್ಸ್ ಹೊಲಿಯುವವರ ಕುತ್ತಿಗೆ, ಇವೆಲ್ಲ ನಿಮಗೇ ಗೊತ್ತು. ಡಾಕ್ಟರು ಕೊಟ್ಟ ಗುಳಿಗೆ, ಹೇಳಿದ ವ್ಯಾಯಾಮ ಬಿಡಬೇಡಿ. ಅದರ ಜೊತೆಗೆ ಬರೀರಿ.

1999ರಲ್ಲಿ ಅಮೆರಿಕದ ಜೋಶುವ ಸ್ಮಿತ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಎಷ್ಟು ಸಲ ಹೇಳಿದರೂ ನನಗೆ ಸಾಲದು. ಆಸ್ತಮಾ, ಸಂಧಿವಾತ ಇದ್ದವರಿಗೆ ದಿನಕ್ಕೆ 20 ನಿಮಿಷದಂತೆ ಸತತ 3 ದಿನ ಬರೆಯಲು ಹೇಳಿದರು. ಒಂದು ಗುಂಪು ಬಾಳಿನಲ್ಲಿ ಅತಿ ಹೆಚ್ಚು ಕಾಡಿದ ಘಟನೆ ಬರೆಯಿತು; ಇನ್ನೊಂದು, ಇವತ್ತು ಏನೇನು ಕೆಲಸ ಅಂತ. 4 ತಿಂಗಳ ಮೇಲೆ ಪರೀಕ್ಷೆ ಮಾಡಿದರು. ಯಾರು ಏನು ಬರೆದಿದ್ದಾರೆ ಅನ್ನೋದು ಪರೀಕ್ಷಿಸಿದವರಿಗೆ ಗೊತ್ತಿರಲಿಲ್ಲ, ಇದನ್ನ ಗಮನಿಸಿ! ಕಾಡಿದ್ದನ್ನು ಬರೆದವರಲ್ಲಿ ನೂರಕ್ಕೆ 47 ಮಂದಿಗೆ ಎದ್ದುಕಾಣುವ ಸುಧಾರಣೆ. ಕೆಲಸದ ಪಟ್ಟಿ ಬರೆದವರಲ್ಲಿ 24. ಎಲ್ಲಾ ಸೇರಿ ಒಂದು ತಾಸಿನ ಬರವಣಿಗೆ, ಅಷ್ಟೇ!

ಬಹಳ ಜನ ತಪ್ಪೋದು ಎಲ್ಲಿ? "ಇವತ್ತು ಟೊಂಕ ನೋಯ್ತು, ಗುಳಿಗೆ ತಗೊಂಡೆ" ಅಂತ ಬರೆದು ಮುಚ್ಚಿಡ್ತಾರೆ. ಅದು ಲೆಕ್ಕ, ಡಾಕ್ಟರಿಗೆ ತೋರಿಸಿ. ನಾನು ಕೇಳ್ತಿರೋದು ಇಂಥದ್ದು: "ಸಾಲು ಮುಗಿಯೋ ಮುಂಚೇನ ಒಡ್ಡಿನ ಮ್ಯಾಲೆ ಕುಂತೆ. ಜೋಡಿ ಹೆಣ್ಮಕ್ಳು ಒಂದ್ ನಮೂನಿ ನೋಡಿದ್ರು. ನಾಚಿಕಿ ಆತು. ಮನಿಗೆ ಬಂದು ಆ ಸಿಟ್ಟು ಮಗನ ಮ್ಯಾಲೆ ತೀರಿಸ್ಕೊಂಡೆ." ಆದದ್ದೂ ಬೇಕು, ಅನಿಸಿದ್ದೂ ಬೇಕು. ಕಾಗುಣಿತ ಕೆಟ್ಟರೆ ಕೆಡಲಿ, ಪೆನ್ನು ನಿಲ್ಲಬಾರದು; ಮಾತು ತೀರಿದರೆ ಬರೆದದ್ದನ್ನೇ ಮತ್ತೆ ಬರೀರಿ. ಮನೆಯವರು ಓದ್ತಾರೆ ಅನ್ನೋ ಅಂಜಿಕೆ ಇದ್ದರೆ ಕೈ ಸುಳ್ಳು ಬರೆಯುತ್ತೆ. ಬರೆದಾದ ಮೇಲೆ ಹರಿದು ಒಲೆಗೆ ಹಾಕಿ, ಅಡ್ಡಿಯಿಲ್ಲ.

ಬರೆದ ಕೂಡಲೇ ಮನಸ್ಸು ಭಾರ ಆಗುತ್ತೆ, ಕಣ್ಣು ತುಂಬಬಹುದು. ಹೆಚ್ಚಿನವರಿಗೆ ಸ್ವಲ್ಪ ಹೊತ್ತಿಗೆ ಇಳಿಯುತ್ತೆ; ಅದಕ್ಕೇ ಮಲಗುವ ಹೊತ್ತಿಗೆ ಬೇಡ. ತಡೆಯಲಾಗದಷ್ಟು ಹಿಂಡುವ ವಿಷಯ ಬಂದರೆ ಬಿಟ್ಟು ಬೇರೆ ಬರೀರಿ. ಮನೆಯಲ್ಲಿ ಸಾವಾಗಿ ಇನ್ನೂ ಹೆಚ್ಚು ದಿನ ಕಳೆದಿಲ್ಲ ಅನ್ನುವವರು ಸದ್ಯಕ್ಕೆ ಬರೆಯೋದು ಬೇಡ. ಬೆರಳು ಮಡಚದಿದ್ದರೆ ಬರೆಯೋ ಬದಲು ಮಾತಾಡಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ.

ನಿದ್ದೆಯ ಬಗ್ಗೆ ಹೇಳೋದಿತ್ತು, ಸಮಯ ಮುಗೀತು. ಟೊಂಕನೋವಿನ ಜೊತೆ ಕಾಲು ಬಲ ಕಳೆದುಕೊಂಡರೆ, ಮೂತ್ರ ಹಿಡಿತ ತಪ್ಪಿದರೆ ಬರೆಯುತ್ತಾ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಉಳಿದವರು ದಯವಿಟ್ಟು ಯಾವ ನೋಟ್‌ಬುಕ್ಕು ತರಲಿ ಅಂತ ಕೇಳಬೇಡಿ. ಮಕ್ಕಳ ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆ ಸಾಕು. ಇವತ್ತು, ನಾಳೆ, ನಾಡಿದ್ದು, ಇಪ್ಪತ್ತಿಪ್ಪತ್ತು ನಿಮಿಷ. ನಮಸ್ಕಾರ.