ಒಂದೇ ಕಾರ್ಡ್, ಎರಡೂ ಕಡೆ: 1954ರ ಅಮೆರಿಕದ ಕಾಲೇಜು ಚರ್ಚೆ

ಪರದೆ ಮೇಲೆ ಕಾಣ್ತಿರೋದು ಮೂರು ಇಂಚು ಅಗಲ, ಐದು ಇಂಚು ಉದ್ದದ ಒಂದು ಕಾರ್ಡ್. ಮಾದರಿಗೆ ಅಂತ ಬರೆದಿದ್ದು. ಮೇಲೆ ತಲೆಬರಹ, ‘ಕಮ್ಯುನಿಸ್ಟ್ ಚೀನಾಕ್ಕೆ ಮಾನ್ಯತೆ ಕೊಟ್ಟ ದೇಶಗಳು’. ಕೆಳಗೆ ಎರಡೇ ಸಾಲು: ಭಾರತ, 1949ರ ಡಿಸೆಂಬರ್ 30. ಬ್ರಿಟನ್, 1950ರ ಜನವರಿ 6. ಬುಡದಲ್ಲಿ ಯಾವ ಪತ್ರಿಕೆ, ಯಾವ ತಾರೀಖು, ಎಷ್ಟನೇ ಪುಟ. ಒಂದು ಕಾರ್ಡಿಗೆ ಒಂದೇ ವಿಷಯ. ಎರಡು ತುರುಕಿದ್ರೆ ವೇದಿಕೆ ಮೇಲೆ ಬೇಕಾದಾಗ ಕೈಗೆ ಸಿಗಲ್ಲ. ಆಗಿನ ಅಮೆರಿಕದ ಕಾಲೇಜು ಚರ್ಚಾಪಟುಗಳು ಇಂಥ ಕಾರ್ಡುಗಳನ್ನ ಪೆಟ್ಟಿಗೆಗಳಲ್ಲಿ ತುಂಬ್ಕೊಂಡು ಪಂದ್ಯದಿಂದ ಪಂದ್ಯಕ್ಕೆ ಹೋಗ್ತಿದ್ರು.

ಅಲ್ಲಿನ ಪದ್ಧತಿಯಲ್ಲಿ ಇಡೀ ದೇಶಕ್ಕೆ ವರ್ಷಕ್ಕೊಂದೇ ವಿಷಯ. 1954–55ಕ್ಕೆ ಬಂದ ವಿಷಯ ಇದು: ಚೀನಾದ ಕಮ್ಯುನಿಸ್ಟ್ ಸರ್ಕಾರಕ್ಕೆ ಅಮೆರಿಕ ರಾಜತಾಂತ್ರಿಕ ಮಾನ್ಯತೆ ಕೊಡಬೇಕು. ಕೊರಿಯಾ ಯುದ್ಧ ನಿಂತು ಆಗಿನ್ನೂ ಒಂದು ವರ್ಷ ಆಗಿತ್ತಷ್ಟೇ. ಅಮೆರಿಕದ ಸೈನಿಕರು ಅಲ್ಲಿ ಕಾದಾಡಿದ್ದು ಇದೇ ಚೀನಾದ ಸೈನ್ಯದ ಜೊತೆ. ಕಂಡಕಂಡವರನ್ನ ಕಮ್ಯುನಿಸ್ಟ್ ಅಂತ ಆರೋಪಿಸ್ತಿದ್ದ ಮೆಕಾರ್ಥಿ ಇನ್ನೂ ಸೆನೆಟ್‌ನಲ್ಲಿದ್ರು.

ವೆಸ್ಟ್ ಪಾಯಿಂಟ್‌ನ ಸೇನಾ ಅಕಾಡೆಮಿ, ಅನ್ನಾಪೊಲಿಸ್‌ನ ನೌಕಾ ಅಕಾಡೆಮಿ ಎರಡೂ ತಮ್ಮ ವಿದ್ಯಾರ್ಥಿಗಳು ಈ ವಿಷಯದ ಮೇಲೆ ಮಾತಾಡೋ ಹಾಗಿಲ್ಲ ಅಂದುಬಿಟ್ವು. ನೆಬ್ರಾಸ್ಕಾದ ಸರ್ಕಾರಿ ಶಿಕ್ಷಕರ ಕಾಲೇಜುಗಳೂ ಹಿಂದೆ ಸರಿದ್ವು. ಅವು ಇದ್ದದ್ದು ವೇನ್, ಪೆರು, ಶಾಡ್ರನ್, ಕಾರ್ನಿ ಅನ್ನೋ ಊರುಗಳಲ್ಲಿ, ಮುಂದೆ ಶಾಲೆಗಳಲ್ಲಿ ಪಾಠ ಹೇಳೋರು ತಯಾರಾಗ್ತಿದ್ದ ಜಾಗಗಳಲ್ಲಿ. ವಿಷಯ ಬದಲಿಸಿ ಅಂತ ಒತ್ತಡ ಬಂದ್ರೂ ಅದನ್ನ ಆರಿಸಿದ್ದ ಅಧ್ಯಾಪಕರು ಬದಲಿಸ್ಲಿಲ್ಲ.

ಭಯ ಹುಟ್ಟಿದ್ದು ಎಲ್ಲಿ ಅಂತ ತಿಳೀಬೇಕಾದ್ರೆ ಪಂದ್ಯದ ನಿಯಮ ನೋಡ್ಬೇಕು. ನಮ್ಮ ಅಂತರಕಾಲೇಜು ಚರ್ಚಾಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ತಂಡದಲ್ಲಿ ಒಬ್ಬರು ಪರ, ಒಬ್ಬರು ವಿರೋಧ. ಅಲ್ಲಿ ಹಾಗಲ್ಲ. ಇಬ್ಬರೂ ಒಂದೇ ಕಡೆ. ಒಂದು ಸುತ್ತಿನಲ್ಲಿ ಪರ ನಿಂತ ಜೋಡಿ ಇನ್ನೊಂದರಲ್ಲಿ ವಿರೋಧ ನಿಲ್ಲಬೇಕು. ಅಂದ್ರೆ ಯಾವುದೋ ಒಂದು ಬೆಳಿಗ್ಗೆ ಸಮವಸ್ತ್ರ ತೊಟ್ಟ ಕೆಡೆಟ್ ಒಬ್ಬ ಕೆಂಪು ಚೀನಾದ ಪರ ವಾದ ಮಾಡ್ಲೇಬೇಕು. ಅದನ್ನೇ ಸಹಿಸೋಕಾಗ್ಲಿಲ್ಲ.

ಆಗಿನ ಸಮಯದ ಲೆಕ್ಕ ಹೀಗೆ. ನಾಲ್ಕು ಜನರಿಗೂ ಮೊದಲು ಹತ್ತತ್ತು ನಿಮಿಷದ ಮುಖ್ಯ ಭಾಷಣ, ಆಮೇಲೆ ಐದೈದು ನಿಮಿಷದ ಖಂಡನೆ. ಒಟ್ಟು ಒಂದು ಗಂಟೆ. ಶುರು ಮಾಡೋದೂ ಮುಗಿಸೋದೂ ಪರದವರೇ, ಯಾಕಂದ್ರೆ ಬದಲಾವಣೆ ಬೇಕು ಅನ್ನೋರ ಮೇಲೆ ಸಾಬೀತು ಮಾಡೋ ಹೊಣೆ. ಆದ್ರೆ ಖಂಡನೆ ಶುರು ಮಾಡೋದು ವಿರೋಧದವರು. ಹಾಗಾಗಿ ಅವರ ಎರಡನೇ ಭಾಷಣದ ಹತ್ತು ನಿಮಿಷ, ಮೊದಲ ಖಂಡನೆಯ ಐದು ನಿಮಿಷ ಬೆನ್ನಿಗೆ ಬೆನ್ನು ಬರುತ್ತೆ. ಹದಿನೈದು ನಿಮಿಷ ಎದ್ದ ಪ್ರಶ್ನೆಗಳಿಗೆಲ್ಲ ಪರದವರು ಐದೇ ನಿಮಿಷದಲ್ಲಿ ಉತ್ತರ ಕೊಡಬೇಕು. ಅನುಭವ ಇಲ್ಲದ ಜೋಡಿ ಮುಗ್ಗರಿಸೋದು ಇಲ್ಲೇ.

ಈ ವಿಷಯದಲ್ಲಿ ಇನ್ನೊಂದು ಹಳ್ಳ ಇತ್ತು, ಕಮ್ಯುನಿಸ್ಟ್ ಚೀನಾಕ್ಕೆ ವಿಶ್ವಸಂಸ್ಥೆಯಲ್ಲಿ ಸ್ಥಾನ ಸಿಗಬೇಕಾ ಅನ್ನೋದು. ಮಾನ್ಯತೆ ಅಮೆರಿಕ ಒಂದೇ ತೀರ್ಮಾನ ಮಾಡಬಹುದಾದ ಮಾತು, ವಿಶ್ವಸಂಸ್ಥೆಯ ಸ್ಥಾನ ಹಾಗಲ್ಲ. ಎದುರಾಳಿ ಕೆಣಕಿದ ಅಂತ ಅದನ್ನ ಸಮರ್ಥಿಸೋಕೆ ಹೊರಟ್ರೆ ವಿಷಯದಲ್ಲೇ ಇಲ್ಲದ ಮಾತಿಗೆ ಸಮಯ ಸುರಿದ ಹಾಗೆ.

ಈಗ ಎರಡನೇ ಕಾರ್ಡ್. ‘ಸೋವಿಯತ್ ಒಕ್ಕೂಟಕ್ಕೆ ಮಾನ್ಯತೆ, 1933ರ ನವೆಂಬರ್ 16’. ಪರ ನಿಂತಾಗ ಇದು ದೊಡ್ಡ ಆಸರೆ: ಮಾನ್ಯತೆ ಕೊಟ್ವಿ, ಹಾಗಂತ ಕಮ್ಯುನಿಸಂ ಒಪ್ಪಿಕೊಂಡ್ವಾ? ವಿರೋಧ ನಿಂತಾಗ ಅದೇ ಕಾರ್ಡ್ ಬೇರೆ ಮಾತಾಡುತ್ತೆ: ಅಮೆರಿಕದೊಳಗೆ ಪ್ರಚಾರ ಮಾಡಲ್ಲ ಅಂತ ಆವತ್ತು ಸೋವಿಯತ್ ವಿದೇಶಾಂಗ ಸಚಿವ ಲಿಟ್ವಿನೊವ್ ಮಾತು ಕೊಟ್ಟಿದ್ರು, ಎರಡೇ ವರ್ಷದಲ್ಲಿ ಆ ಮಾತು ಮುರಿದಿದ್ದೀರಿ ಅಂತ ಅಮೆರಿಕವೇ ಪ್ರತಿಭಟನೆ ಸಲ್ಲಿಸ್ತು. ಒಂದೇ ಕಡೆ ವಾದ ಮಾಡೋನು ಈ ಕಾರ್ಡನ್ನ ಅರ್ಧ ಓದಿ ಬಿಡ್ತಾನೆ. ಎರಡೂ ಕಡೆ ನಿಲ್ಲೋನು ಪೂರ್ತಿ ಓದದೆ ವಿಧಿ ಇಲ್ಲ. ಹೀಗೆ ಓದಿದೋರು ದೇಶದ್ರೋಹಿಗಳಾಗ್ತಾರೆ ಅನ್ನೋದು ತಪ್ಪು ಲೆಕ್ಕ. ಕಮ್ಯುನಿಸಂ ವಿರುದ್ಧ ಗಟ್ಟಿಯಾದ ವಾದಗಳನ್ನ ಕಲಿಸ್ತಿದ್ದದ್ದೂ ಇದೇ ಪೆಟ್ಟಿಗೆ. ನಂಬದೇ ಇರೋದನ್ನ ವಿದ್ಯಾರ್ಥಿ ಬಾಯಲ್ಲಿ ಹೇಳಿಸೋದು ಸರಿಯಾ ಅನ್ನೋ ಪ್ರಶ್ನೆ ಚರ್ಚೆ ಕಲಿಸೋ ಅಧ್ಯಾಪಕರಲ್ಲೂ ಎದ್ದಿತ್ತು. ಆ ಪ್ರಶ್ನೆಗೆ ತೂಕ ಇದೆ. ಬಾಯಿ ಕಟ್ಟೋ ಆದೇಶಕ್ಕೆ ಇಲ್ಲ.

ಕಾರ್ಡುಗಳು ಹಳಸ್ತಾನೂ ಇದ್ವು. ಸೆಪ್ಟೆಂಬರ್ 3ಕ್ಕೆ ಚೀನಾ ತೈವಾನ್ ಸರ್ಕಾರದ ಹಿಡಿತದಲ್ಲಿದ್ದ ಕಿಮೋಯ್ ದ್ವೀಪದ ಮೇಲೆ ಶೆಲ್ ಸುರಿಸ್ತು. ನವೆಂಬರ್‌ನಲ್ಲಿ 11 ಅಮೆರಿಕನ್ ವಾಯುಪಡೆಯವರಿಗೆ ಬೀಜಿಂಗ್ ಜೈಲು ಶಿಕ್ಷೆ ಘೋಷಿಸ್ತು. ಡಿಸೆಂಬರ್ 2ಕ್ಕೆ ವಾಷಿಂಗ್ಟನ್ ತೈವಾನ್ ಜೊತೆ ರಕ್ಷಣಾ ಒಪ್ಪಂದಕ್ಕೆ ಸಹಿ ಹಾಕ್ತು, ಅದೇ ದಿನ ಸೆನೆಟ್ 67–22 ಮತಗಳಿಂದ ಮೆಕಾರ್ಥಿಗೆ ಛೀಮಾರಿ ಹಾಕ್ತು. ಅಕ್ಟೋಬರ್‌ನ ಪೆಟ್ಟಿಗೆ ಹಿಡ್ಕೊಂಡು ಡಿಸೆಂಬರ್‌ನ ಪಂದ್ಯಕ್ಕೆ ಹೋದೋರು ಮೊದಲ ಸುತ್ತಿನಲ್ಲೇ ಪೆಟ್ಟು ತಿನ್ನೋ ಪರಿಸ್ಥಿತಿ. ಪತ್ರಿಕೆ ದಿನಾ ಓದಬೇಕು, ಹೊಸ ಕಾರ್ಡ್ ಬರೀಬೇಕು, ಹಳೇದನ್ನ ತೆಗೀಬೇಕು.

ವರ್ಷವೆಲ್ಲ ಒಂದೇ ವಿಷಯ ಆದ್ದರಿಂದ ಅದರಿಂದ ದೂರ ಇಟ್ಟರೆ ಪಂದ್ಯಗಳಿಂದಲೇ ದೂರ ಇಟ್ಟ ಹಾಗೆ. 1947ರಿಂದ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೀತಿದ್ದದ್ದು ವೆಸ್ಟ್ ಪಾಯಿಂಟ್‌ನಲ್ಲಿ. 1955ರಲ್ಲೂ ಅಲ್ಲೇ ನಡೀತು. ಅಲಬಾಮಾ ವಿಶ್ವವಿದ್ಯಾಲಯದ ತಂಡ ಗೆದ್ದಿತು.